ಶಿಫಾರಸು ಪತ್ರದ ಕೊನೆಯ ಸಾಲು

ಪ್ರಯೋಗಾಲಯದಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದುದು ಅಕ್ಕ ಎಂದೇ. ನಿನ್ನೆ ಮೊನ್ನೆ ಸೇರಿದ ವಿದ್ಯಾರ್ಥಿಗಳಿಗೂ ಅಕ್ಕ, ನಿವೃತ್ತಿಗೆ ಎರಡೇ ವರ್ಷ ಉಳಿದಿದ್ದ ಪ್ರೊಫೆಸರರಿಗೂ ಅಕ್ಕ. ಹನ್ನೊಂದು ವರ್ಷದಿಂದ ಗಾಜಿನ ಸಾಮಾನು ತೊಳೆದು, ಯಂತ್ರಗಳ ಮುನಿಸು ತಣಿಸಿ, ಬಂದವರಿಗೆಲ್ಲ ಅಳತೆ ತೆಗೆಯುವುದನ್ನು ಕಲಿಸಿ, ಅವರು ಡಾಕ್ಟರೇಟ್ ಗಿಟ್ಟಿಸಿಕೊಂಡು ಹೋಗುವುದನ್ನು ನೋಡುತ್ತ ಬಂದಿದ್ದಳು. ಈ ಸಲ ತಾನೇ ಪಿಎಚ್‌ಡಿಗೆ ಅರ್ಜಿ ಹಾಕುವುದೆಂದು ಪಟ್ಟು ಹಿಡಿದಳು. ಎಂ.ಎಸ್ಸಿ. ಆಗಿತ್ತು, ಮುಂದಿನ ವರ್ಷ ಎಂದರೆ ವಯಸ್ಸಿನ ಮಿತಿ ದಾಟುತ್ತಿತ್ತು. ಕೊನೆಯ ದಿನ ಇವತ್ತು, ಸಂಜೆ ಐದು ಗಂಟೆ. ಬಾಕಿಯಿದ್ದದ್ದು ಪ್ರೊಫೆಸರರ ಶಿಫಾರಸು ಪತ್ರವೊಂದೇ.

"ನೀವೇ ಬರ್ಕೊಂಡ್ ಬನ್ನಿ ಅಕ್ಕ, ಸಹಿ ಹಾಕ್ತೀನಿ" ಎಂದಿದ್ದರು ಅವರು. ಅದು ಅಲ್ಲಿಯ ವಾಡಿಕೆ. ಪತ್ರವನ್ನು ಅವರವರೇ ಬರೆದುಕೊಳ್ಳುವುದು, ಸಾಹೇಬರು ಕಣ್ಣು ಮುಚ್ಚಿ ಸಹಿ ಹಾಕುವುದು. ಹಾಗಾಗಿಯೇ ಅವರ ಒಬ್ಬೊಬ್ಬ ವಿದ್ಯಾರ್ಥಿಯೂ ಅವರು ಈವರೆಗೆ ಕಂಡವರಲ್ಲೇ ಅತ್ಯಂತ ಪ್ರತಿಭಾವಂತನಾಗಿದ್ದ.

"ನೀನೂ ಹಾಗೇ ಹೊಗಳ್ಕೊಂಡ್ಬಿಡಮ್ಮ, ಯಾರು ಕೇಳ್ತಾರೆ" ಎಂದು ಮಗಳು ಹೇಳಿಕೊಟ್ಟಿದ್ದಳು. ಅಕ್ಕನಿಗೆ ಕೈಯೇ ಏಳಲಿಲ್ಲ. ಹೊಗಳಿಕೆ ಬಿಟ್ಟು ಮಾಡಿದ ಕೆಲಸವನ್ನಷ್ಟೇ ಬರೆದಳು. ಕೊನೆಗೆ ಪ್ರೊಫೆಸರರ ಬಾಯಲ್ಲೇ ಒಂದು ಸಾಲು ಹೇಳಿಸಿದಳು: 'ನನ್ನ ಕಳೆದ ಪ್ರಬಂಧದ ಅಳತೆಗಳನ್ನೆಲ್ಲ ತೆಗೆದವರು ಇವರೇ, ಅದರಲ್ಲಿ ಇವರ ಹೆಸರು ಸೇರಿಸದಿದ್ದದ್ದು ನನ್ನ ತಪ್ಪು.'

ಬೆಳಿಗ್ಗೆ ಹತ್ತಕ್ಕೆ ಹಾಳೆಯನ್ನು ಅವರ ಮೇಜಿನ ಮೇಲಿಟ್ಟಳು. ಅವರು ಫೋನಿನಲ್ಲಿ ಮಾತಾಡುತ್ತಲೇ ಪೆನ್ನಿನ ಮುಚ್ಚಳ ತೆಗೆದರು. ಇನ್ನರೆ ನಿಮಿಷ ಸುಮ್ಮನಿದ್ದಿದ್ದರೆ ಕೆಲಸ ಮುಗಿದುಹೋಗುತ್ತಿತ್ತು. ಮಹಾತಾಯಿ ಸುಮ್ಮನಿರಲಿಲ್ಲ, ಹಾಳೆಯ ಮೇಲೆ ಅಂಗೈ ಊರಿದಳು. ಓದದೆ ಹಾಕಿದ ಸಹಿ ಅವಳಿಗೆ ಬೇಕಿರಲಿಲ್ಲ.

"ಓದಿ ಹಾಕಿ ಸರ್."

ಫೋನು ಕೆಳಗಿಟ್ಟು ಓದಿದರು. ಹುಬ್ಬು ಗಂಟಿಕ್ಕಿತು. "ಈ ಕೊನೇ ಸಾಲು ಬೇಕಾ?"

"ಸುಳ್ಳಾ ಸರ್?"

"ಸುಳ್ಳು ಅಂತಲ್ಲ. ಇಂಥದ್ದನ್ನೆಲ್ಲ ಯಾರಾದ್ರೂ ಬರೀತಾರಾ? ಆಯ್ಕೆ ಸಮಿತೀಲಿ ಇರೋರೆಲ್ಲ ನನ್ನ ಪರಿಚಯದೋರು. ತೆಗೆದುಬಿಡಿ, ಈಗ್ಲೇ ಸಹಿ ಹಾಕ್ತೀನಿ."

ಅವಳಿಗೆ ಭಯವಾಗಿತ್ತು, ಭಯಕ್ಕಿಂತ ಹೆಚ್ಚು ಸಿಟ್ಟು ಬಂದಿತ್ತು. "ಆ ಅಳತೆಗಳೇ ಸರ್ ನನಗಿರೋ ಅರ್ಹತೆ. ಅದನ್ನ ತೆಗೆದ್ರೆ ಬಾಟ್ಲಿ ತೊಳ್ಯೋಳು ಅಷ್ಟೇ ಉಳಿಯೋದು. ನಾನು ಬರೆದದ್ದು ಸರಿಹೋಗ್ಲಿಲ್ಲ ಅಂದ್ರೆ ನೀವೇ ಬರ್ದುಕೊಡಿ."

ಹಾಳೆ ಮಡಚಿಕೊಂಡು ಹೊರಗೆ ಬಂದಳು. ಮಧ್ಯಾಹ್ನವಿಡೀ, ಒಮ್ಮೆ ತೊಳೆದಿಟ್ಟಿದ್ದ ಬಾಟಲಿಗಳನ್ನೇ ಇಳಿಸಿ ಮತ್ತೆ ತೊಳೆದಳು. ಗಡಿಯಾರ ಮಾತ್ರ ಯಾರ ಮಾತಿಗೂ ನಿಲ್ಲುವ ಜಾತಿಯದಲ್ಲ. ಮೂರಾಯಿತು, ನಾಲ್ಕಾಯಿತು. ಪತ್ರವಿಲ್ಲದಿದ್ದರೂ ಅರ್ಜಿ ಕೊಟ್ಟೇ ಹೋಗುವುದು, ಬೇಕಾದರೆ ಸಮಿತಿಯವರೇ ತಿರಸ್ಕರಿಸಲಿ ಎಂದುಕೊಂಡಳು.

ನಾಲ್ಕೂವರೆಗೆ ಪ್ರೊಫೆಸರರೇ ಬಾಗಿಲು ತಳ್ಳಿಕೊಂಡು ಬಂದರು. ಕೈಯಲ್ಲಿ ಪೆನ್ನು ಮತ್ತು ಅವರೇ ಬರೆದ ಒಂದು ಹಾಳೆ. ಬರೆದು ಅಭ್ಯಾಸ ತಪ್ಪಿತ್ತೇನೋ, ಮೂರು ಕಡೆ ಕಾಟು ಹೊಡೆದಿದ್ದರು. ಅವಳು ಕೈ ಒರೆಸಿಕೊಂಡು ಮೊದಲು ಕೊನೆಯನ್ನೇ ನೋಡಿದಳು. 'ನನ್ನ ತಪ್ಪು' ಎಂದಿತ್ತು. ಅದಕ್ಕೆ ಕಾಟು ಬಿದ್ದಿರಲಿಲ್ಲ. ಮೇಲೆ, ಅವಳ ಹೆಸರಿರಬೇಕಾದಲ್ಲಿ, ನಾಲ್ಕು ಬೆರಳಗಲ ಖಾಲಿ ಬಿಟ್ಟಿದ್ದರು.

ಪ್ರೊಫೆಸರರು ತಲೆ ಎತ್ತಲಿಲ್ಲ. "ಅಕ್ಕ," ಎಂದರು, "ನಿಮ್ಮ ಪೂರ್ತಿ ಹೆಸರೇನು?"

ಹನ್ನೊಂದು ವರ್ಷ. ಅವರು ಹಾಳೆಯ ಮೇಲೆ ಪೆನ್ನು ಊರುವವರೆಗೆ ಕಾದು, ಹೆಸರನ್ನು ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು.