ಅತ್ತೆ ಇಡದ ಹೆಸರು

“ನಿಮ್ಮ ಹುಡುಗೇರು ನಮ್ಮ ರೊಟ್ಟಿ ತಿಂದು ಕೈ ಒರಸ್ಕೊಂಡು ಹೋದ್ರು. ಈಗ ಅದೇ ಫೋಟೋನ ನಮ್ಮ ಮುಂದೆ ಹಿಡೀತೀರಾ? ನಾಚಿಕೆ ಅನ್ನೋದು ಐತೇನ್ರಿ ನಿಮ್ಮ ಕಂಪನಿಗೆ?”

ಬಸಲಿಂಗಪ್ಪ ಮೇಜು ಗುದ್ದಿದ. ವಿಮಾನ ಕಂಪನಿಯಲ್ಲಿ ಪ್ರಯಾಣಿಕರ ದೂರು ನೋಡಿಕೊಳ್ಳುವ ಮಧ್ವೇಶ್ ತನ್ನ ಲ್ಯಾಪ್‌ಟಾಪನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಂಡ.

“ಅಂಕಲ್, ಶೌಟ್ ಮಾಡಬೇಡಿ ಪ್ಲೀಸ್. ಪ್ಯಾಸೆಂಜರ್ಸ್ ಕಂಫರ್ಟಬಲ್ ಆಗಿದ್ರು ಅನ್ನೋಕೆ ಫೋಟೋ ತೋರಿಸ್ದೆ, ಅಷ್ಟೇ. ನಾವು ಊಟದ ಕೂಪನ್ ಆಫರ್ ಮಾಡಿದ್ವಿ. ನೀವೇ ಬೇಡ ಅಂದ್ರಿ.”

“ಬುತ್ತಿ ಇತ್ತು, ಬ್ಯಾಡ ಅಂದ್ವಿ. ಬುತ್ತಿ ಕಟ್ಟಿದ್ದೂ ತಪ್ಪೇನು?”

ಕಂಪನಿಯ ಆಫೀಸು ಸಿಂಗಪುರದ ಕಾಕಿ ಬುಕಿತ್‌ನಲ್ಲಿ, ಗೋದಾಮುಗಳ ನಡುವಿನ ಒಂದು ಕಟ್ಟಡದ ಮೇಲ್ಮಹಡಿಯಲ್ಲಿತ್ತು. ಬಸಲಿಂಗಪ್ಪನ ಮಷಿನ್ ರಿಪೇರಿ ಶೆಡ್ಡು ಅಲ್ಲೇ ಹಿಂದಿನ ಬೀದಿಯಲ್ಲಿ. ಅವನು ಕೆಲಸದ ಬಟ್ಟೆಯಲ್ಲೇ ಬಂದಿದ್ದ. ಹೆಂಡತಿ ಗಿರಿಜಾಬಾಯಿ ಯಿಶುನ್‌ನ ಮನೆಯಿಂದ ಎಂಆರ್‌ಟಿ ರೈಲು ಹತ್ತಿ ಬಂದಿದ್ದಳು. ಕಾನೂನು ಗೊತ್ತಿರುವವರು ಒಬ್ಬರಿರಲಿ ಎಂದು ಬುಕಿತ್ ಬಾಟೋಕ್‌ನಿಂದ ಪರಿಚಯದ ಹಯಗ್ರೀವನನ್ನು ಕರೆಸಿದ್ದರು. ಅವನು ಕಾಲೇಜಿನಲ್ಲಿ ಪಾಠ ಹೇಳುವವನು. ಕಾನೂನು ಓದಿದವನಲ್ಲ, ಆದರೆ ಓದಿದವನ ಹಾಗೆ ಮಾತಾಡುತ್ತಿದ್ದ.

ಫೋಟೋದಲ್ಲಿ ಗಿರಿಜಾಬಾಯಿ ಚಾಂಗಿ ಏರ್‌ಪೋರ್ಟಿನ ನೆಲದ ಮೇಲೆ ಕೂತಿದ್ದಳು. ಮುಂದೆ ಸ್ಟೀಲಿನ ಡಬ್ಬಿ. ಯೂನಿಫಾರ್ಮಿನ ಇಬ್ಬರು ಹುಡುಗಿಯರ ಕೈಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕೊಡುತ್ತಿದ್ದಳು. ಮೂವರೂ ನಗುತ್ತಿದ್ದರು. ಬುತ್ತಿ ಬಿಚ್ಚಿದ ಮೇಲೆ ಎದುರಿಗಿದ್ದವರಿಗೆ ಕೊಡದೆ ತಿನ್ನುವುದು ಅವಳ ಮನೆಯಲ್ಲಿ ಇಲ್ಲ. ವಿಮಾನ ರದ್ದಾಗಿತ್ತು. ಜನ ಆ ಹುಡುಗಿಯರನ್ನು ಬೆಳಗಿನಿಂದ ಬೈಯುತ್ತಿದ್ದರು. ಅವರು ನೀರೂ ಕುಡಿದಿರಲಿಲ್ಲ. ಅವಳು ಕರೆದು ಕೊಟ್ಟಳು. ಅದನ್ನು ಯಾರೋ ಫೋನಿನಲ್ಲಿ ಹಿಡಿದು ಸಿಂಗಪುರದ ಕನ್ನಡಿಗರ ಗ್ರೂಪಿಗೆ ಹಾಕಿದರು. ಅವಳು ಬೈಲಹೊಂಗಲ ಮುಟ್ಟುವ ಮೊದಲೇ ಫೋಟೋ ಮುಟ್ಟಿತು.

ಬೈಲಹೊಂಗಲದಲ್ಲಿ ಅವಳ ತಮ್ಮ ಶಿವಯೋಗೀಶನ ಮನೆಯಲ್ಲಿ ತೊಟ್ಟಿಲು ಕಾರ್ಯವಿತ್ತು. ಮದುವೆಯಾಗಿ ಬಹಳ ವರ್ಷಕ್ಕೆ ಹುಟ್ಟಿದ ಮಗಳು. ಸೋದರತ್ತೆ ತೊಟ್ಟಿಲಿಗೆ ಬಗ್ಗಿ ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕು. ಇದ್ದ ಅತ್ತೆ ಇವಳೊಬ್ಬಳೇ. ಅವಳಿಗೆ ಅನುಕೂಲವಾಗಲೆಂದೇ ದಿನ ಗೊತ್ತು ಮಾಡಿದ್ದರು. ಹಿಂದಿನ ದಿನ ಹೊರಡಬೇಕಿದ್ದ ವಿಮಾನ ಹೊರಡಲಿಲ್ಲ. ‘ಬೆಂಗಳೂರಿನಲ್ಲಿ ಭಾರಿ ಮಳೆ’ ಎಂದು ಕಂಪನಿ ಮೆಸೇಜು ಕಳಿಸಿತು. ಅವಳು ಅದನ್ನೇ ತಮ್ಮನಿಗೆ ಹೇಳಿದಳು. ಸ್ವಾಮಿಗಳು ಬಂದಿದ್ದರು, ಊರಿಗೆಲ್ಲ ಊಟಕ್ಕೆ ಹೇಳಿ ಆಗಿತ್ತು. ಕೊನೆಗೆ ಪಕ್ಕದ ಮನೆಯ ಹೆಂಗಸೊಬ್ಬಳು ಹೆಸರು ಹೇಳಿದಳು.

ಅವಳ ವಿಮಾನ ರದ್ದಾದ ದಿನವೇ ಬೇರೆ ಕಂಪನಿಯ ವಿಮಾನದಲ್ಲಿ ಸಿಂಗಪುರದಿಂದ ಬಂದಿದ್ದ ನೆಂಟನೊಬ್ಬ, ಬೆಂಗಳೂರಿನಲ್ಲಿ ಸುಡುವ ಬಿಸಿಲಿತ್ತು ಎಂದ. ಆಮೇಲೆ ಫೋಟೋ ನೋಡಿದರು. ಬರಲು ಮನಸ್ಸಿಲ್ಲದೆ ಅಕ್ಕ ಸುಳ್ಳು ಹೇಳಿದಳು, ಅಲ್ಲಿ ಕೂತು ನಗುತ್ತ ರೊಟ್ಟಿ ಹಂಚಿದಳು ಎಂದು ಶಿವಯೋಗೀಶ ತೀರ್ಮಾನ ಮಾಡಿದ. ಅವಳು ಕಾರ್ಯದ ಮರುದಿನ ಹೋದಾಗ ಅವನು ಮುಖ ಕೊಟ್ಟು ಮಾತಾಡಲಿಲ್ಲ. ಆಮೇಲೆ ಅವಳ ಫೋನೂ ಎತ್ತಲಿಲ್ಲ.

“ನೋಡಿ ಬಸಲಿಂಗಪ್ಪನವರೇ,” ಹಯಗ್ರೀವ ಹೇಳಿದ, “ಯುರೋಪ್ ಆಗಿದ್ರೆ ಫಿಕ್ಸೆಡ್ ಕಾಂಪೆನ್ಸೇಷನ್ ಇತ್ತು. ಇಲ್ಲಿ ಅಂಥ ರೂಲ್ ಇಲ್ಲ. ಇಂಟರ್‌ನ್ಯಾಷನಲ್ ಒಪ್ಪಂದ ಒಂದಿದೆ. ಲೇಟಾಗಿದ್ರಿಂದ ಏನು ಲಾಸ್ ಆಯ್ತು ಅಂತ ನಾವು ಪ್ರೂವ್ ಮಾಡ್ಬೇಕು. ಮಳೆ ಬಂತು, ನಮ್ಮ ಕೈಲಿರ್ಲಿಲ್ಲ ಅಂತ ಅವರು ಪ್ರೂವ್ ಮಾಡ್ಬಿಟ್ರೆ ಅದೂ ಇಲ್ಲ.”

“ಹೆಸರಿಡೋದು ತಪ್ಪಿದ್ದು ಲಾಸ್ ಅಲ್ಲೇನು?”

“ಅದಕ್ಕೆ ಬಿಲ್ ಎಲ್ಲಿದೆ, ಹೇಳಿ?”

ಬಸಲಿಂಗಪ್ಪ ಹಯಗ್ರೀವನನ್ನೇ ದುರುಗುಟ್ಟಿ ನೋಡಿದ. “ನೀವು ಯಾರ ಕಡೆಯವ್ರು?”

ಮಧ್ವೇಶ್ ಇದೇ ಸಮಯ ನೋಡಿ ಬಾಯಿ ಹಾಕಿದ. “ಅಂಕಲ್, ಗುಡ್‌ವಿಲ್ ಅಂತ ಇಬ್ಬರಿಗೂ ಬೆಂಗಳೂರಿಗೆ ಹೋಗಿ ಬರೋ ಟಿಕೆಟ್ ಫ್ರೀ ಕೊಡ್ತೀವಿ. ಬಿಸಿನೆಸ್ ಕ್ಲಾಸ್.”

“ಕಾಲು ಚಾಚ್ಕೊಂಡು ಮಲಗೋ ಸೀಟೇನು?” ಎಂದ ಬಸಲಿಂಗಪ್ಪ. ಅವನ ಸಿಟ್ಟು ಇಳಿದದ್ದು ಎಲ್ಲರಿಗೂ ಕಂಡಿತು.

ಗಿರಿಜಾಬಾಯಿ ಕುರ್ಚಿಯನ್ನು ಮೇಜಿನ ಹತ್ತಿರ ಎಳೆದುಕೊಂಡಳು.

“ನೀವ ಮಲಗ್ರಿ,” ಎಂದು ಗಂಡನಿಗೆ ಹೇಳಿ ಮಧ್ವೇಶನ ಕಡೆ ತಿರುಗಿದಳು. “ನನಗ ಟಿಕೆಟ್ ಬ್ಯಾಡ. ಮಳಿ ಇರಲಿಲ್ಲ. ಮತ್ತ ಯಾಕ ಹಾರಲಿಲ್ಲ, ಅದನ್ನ ಹೇಳು.”

ಮಧ್ವೇಶ್ ಬಾಗಿಲು ನೋಡಿದ. ಲ್ಯಾಪ್‌ಟಾಪ್ ಮುಚ್ಚಿದ.

“ಆಂಟಿ, ಇದು ಈ ರೂಮಲ್ಲೇ ಇರ್ಲಿ. ವೆದರ್ ಚೆನ್ನಾಗೇ ಇತ್ತು. ನಿಮ್ಮ ಫ್ಲೈಟ್ ಅರ್ಧ ಖಾಲಿ. ಇನ್ನೊಂದು ರೂಟಲ್ಲಿ ಪ್ಲೇನ್ ಕೆಟ್ಟು ನಿಂತಿತ್ತು, ಅಲ್ಲಿ ಫುಲ್ ರಶ್. ನಿಮ್ಮ ಪ್ಲೇನ್ ತೆಗೆದು ಅಲ್ಲಿಗೆ ಕಳಿಸಿದ್ರು. ಆದ್ರೆ ಬರೆದು ಕೊಡು ಅನ್ಬೇಡಿ. ಕೆಲಸ ಹೋದ್ರೆ ಈ ದೇಶದಲ್ಲಿರೋಕೆ ಕೊಟ್ಟಿರೋ ಪಾಸೂ ಹೋಗುತ್ತೆ. ಮಗನ್ನ ಈಗಷ್ಟೇ ಸ್ಕೂಲಿಗೆ ಸೇರಿಸಿದೀನಿ.”

“ಬರೀಬ್ಯಾಡ. ನನ್ನ ತಮ್ಮಗ ಇಷ್ಟ ಹೇಳಿಬಿಡು.”

ಅವಳು ಹಯಗ್ರೀವನ ಮುಂದೆ ಕೈ ಚಾಚಿದಳು. “ನಿಮ್ಮ ಫೋನ್ ಕೊಡ್ರಿ. ನನ್ನ ನಂಬರ್ ನೋಡಿದ್ರ ಅಂವ ಎತ್ತಂಗಿಲ್ಲ.”

ತಮ್ಮನ ನಂಬರನ್ನು ನೆನಪಿನಿಂದಲೇ ಒತ್ತಿದಳು. ಸ್ಪೀಕರ್ ಹಾಕಿದಳು.

“ಯಾರ್ರೀ?”

“ನಾನಪಾ, ಗಿರಿಜಾ. ಇಡಬ್ಯಾಡ. ವಿಮಾನದ ಕಂಪನಿಯವ್ರು ಇಲ್ಲೇ ಕುಂತಾರ. ಅಂದು ಏನಾತು, ಅವರ ಬಾಯಿಂದನ ಕೇಳು.”

ಫೋನನ್ನು ಮೇಜಿನ ಮೇಲೆ ಮಧ್ವೇಶನ ಮುಂದಕ್ಕೆ ತಳ್ಳಿದಳು. ಅವನು ಅದನ್ನು ಮುಟ್ಟಲಿಲ್ಲ.

“ಹಲೋ,” ಎಂದಿತು ಫೋನು.

“ಹೇಳಪಾ,” ಎಂದ ಬಸಲಿಂಗಪ್ಪ. “ಈಗ ನಮಗ ಹೇಳಿದೆಲ್ಲ, ಅದನ್ನ ಹೇಳು. ಬಾಯಿ ಬಿದ್ದೋತೇನು?”

ಮಧ್ವೇಶ್ ಎದ್ದು ಲ್ಯಾಪ್‌ಟಾಪನ್ನು ಎದೆಗೆ ಅವುಚಿಕೊಂಡ. “ಒನ್ ಮಿನಿಟ್ ಆಂಟಿ. ಮ್ಯಾನೇಜರ್‌ನ ಕೇಳ್ಕೊಂಡು ಬರ್ತೀನಿ.” ಬಾಗಿಲು ಎಳೆದುಕೊಂಡು ಹೋದ.



“ಯಾಕ, ಯಾರೂ ಮಾತಾಡವಲ್ರಲ್ಲ?” ಎಂದ ಶಿವಯೋಗೀಶ.

“ಹೊರಗ ಹೋಗ್ಯಾನ. ಬರ್ತಾನ.”

“ಎಲ್ಲಿ ಹೋದ?”

“ಹೇಳಬೇಕೋ ಬ್ಯಾಡೋ ಅಂತ ಮ್ಯಾನೇಜರ್‌ನ ಕೇಳಾಕ.”

ಆ ಕಡೆ ಮಗು ಒಂದು ಸಲ ಅತ್ತಿತು. ಯಾರೋ ಅದನ್ನು ಎತ್ತಿಕೊಂಡು ಹೋದರು.

“ಮಳಿ ಬಂದಿತ್ತು ಅನ್ನಾಕ ಮ್ಯಾನೇಜರ್ ಯಾಕ ಬೇಕಕ್ಕಾ? ಹಂಗಾದ್ರ ಸುಳ್ಳು ಅವರದ.” ಎಂದ ಶಿವಯೋಗೀಶ.

ಅವಳು ಫೋನನ್ನು ತನ್ನ ಕಡೆ ಎಳೆದುಕೊಂಡಳು.

“ಇಡಬ್ಯಾಡ,” ಎಂದ ಅವನು. “ಕಾಯೂಣು.”

ಕಾದರು. ಬಸಲಿಂಗಪ್ಪ ಎದ್ದು ಬಾಗಿಲು ತೆಗೆದು ನೋಡಿದ. ಕಾರಿಡಾರಿನಲ್ಲಿ ಯಾರೂ ಇರಲಿಲ್ಲ. ಲಿಫ್ಟು ಕೆಳಗಿನ ಮಹಡಿಯಲ್ಲಿ ನಿಂತಿತ್ತು. ಮಧ್ವೇಶ್ ವಾಪಸ್ ಬರಲಿಲ್ಲ.