ಸಿಗಡಿಯಕ್ಕನ ಮೂಗು

ಮೂಗಿದ್ದೂ ಇಲ್ಲದಂತಾಗುವುದು ಎಂಥ ಹಣೆಬರಹ ಎಂದು ಸಿಗಡಿಯಕ್ಕನನ್ನೇ ಕೇಳಬೇಕು. ಹದಿನೆಂಟು ವರ್ಷ ಒಂದೇ ಹೋಟೆಲಿನ ಒಲೆ ಮುಂದೆ ನಿಂತವಳು. ಮಾರ್ಕೆಟ್ಟಿನಲ್ಲಿ ಒಂದು ಹಿಡಿ ಸಿಗಡಿ ಎತ್ತಿ ಮೂಗಿಗೆ ಹಿಡಿದಳೆಂದರೆ ಮಾರುವವರು ಉಸಿರು ಬಿಗಿಹಿಡಿಯುತ್ತಿದ್ದರು. "ಇದು ನಿನ್ನೇದು. ಇದು ಮೊನ್ನೇದು, ತಗೊಂಡ್ಹೋಗಿ ನಿಮ್ಮತ್ತೆಗೆ ಬಡಿಸು" ಎಂದು ಮುಖಕ್ಕೆ ಹೊಡೆದಂತೆ ಹೇಳಿ ಮುಂದೆ ನಡೆಯುತ್ತಿದ್ದಳು. ಅಂಥವಳ ಮೂಗು ಎರಡು ತಿಂಗಳ ಹಿಂದೆ ಒಂದು ಹಾಳು ಜ್ವರಕ್ಕೆ ಸತ್ತುಹೋಯಿತು. ಬೆಳ್ಳುಳ್ಳಿ ಸೀದು ಕರಿಯಾದರೂ ಅವಳಿಗೆ ಗೊತ್ತಾಗದು. ಡಾಕ್ಟರು "ಬಂದರೆ ಬರಬಹುದು" ಎಂದರು. ಅಷ್ಟು ಹೇಳಲು ಡಾಕ್ಟರೇ ಬೇಕೆ?

ಹೋಟೆಲಿನ ಯಜಮಾನಿಗೆ ತಿಳಿದರೆ ಒಲೆ ಕೈತಪ್ಪುತ್ತದೆ. ಒಲೆ ಹೋದರೆ ತಾನು ಯಾರು ಎಂಬುದೇ ಅವಳಿಗೆ ಹೊಳೆಯುತ್ತಿರಲಿಲ್ಲ. ಆ ದಿಗಿಲಿಗೆ ಗಂಡ ಹೆಂಡಿರು ಕೂಡಿ ಒಂದು ಉಪಾಯ ಹೂಡಿದರು. ಗಂಡ ದರ್ಜಿ, ಸಿಗಡಿ ಕಂಡರೆ ಮಾರು ದೂರ ಹಾರುವ ಆಸಾಮಿ. ಆದರೂ ಪಾಪ, ಚೀಲ ಹಿಡಿಯುವ ನೆಪ ಮಾಡಿ ದಿನಾ ಬೆಳಿಗ್ಗೆ ಜೊತೆಗೆ ಬರತೊಡಗಿದ. ಅವಳು ಎಂದಿನ ಗತ್ತಿನಲ್ಲಿ ಹಿಡಿ ಎತ್ತಿ ಮೂಸುವಂತೆ ನಟಿಸುವಳು, ಅವನು ಅವಳ ಭುಜದ ಮೇಲಿಂದ ಬಗ್ಗಿ ನಿಜವಾಗಿ ಮೂಸುವನು. ಕೆಟ್ಟಿದ್ದರೆ ಅವಳ ಮೊಣಕೈ ಒತ್ತುವನು, ಚೆನ್ನಾಗಿದ್ದರೆ ಸುಮ್ಮನಿರುವನು. ಎರಡು ತಿಂಗಳು ಒಬ್ಬರಿಗೂ ಅನುಮಾನ ಬರಲಿಲ್ಲ.

ಆವತ್ತು ಕಾರ್ಖಾನೆಯೊಂದಕ್ಕೆ ನಲವತ್ತು ಊಟ ಹೋಗಬೇಕಿತ್ತು. ಹುರಿಯುವುದಕ್ಕೆ ಸಣ್ಣ ಪುಡಿ ಸಿಗಡಿ, ಸಿಪ್ಪೆ ಸಮೇತ ಸುಡುವುದಕ್ಕೆ ಪಟ್ಟೆಪಟ್ಟೆಯ ಹುಲಿ ಸಿಗಡಿ, ಸಾರಿಗೆ ಬಿಳಿ ಸಿಗಡಿ. ಬಿಳಿಯದು ಐಸಿನ ಮೇಲೆ ಫಳಫಳ ಹೊಳೆಯುತ್ತಿತ್ತು. ತಲೆ ಬಿಗಿಯಾಗಿತ್ತು, ಎಲ್ಲೂ ಕಪ್ಪು ಚುಕ್ಕೆಯಿಲ್ಲ. ಆದರೆ ಮೇಲಿನ ಪದರ ಕಂಡು ಮರುಳಾಗಬಾರದು ಎಂದು ಊರಿಗೆಲ್ಲ ಪಾಠ ಹೇಳಿದವಳೇ ಅವಳು. ತಳಕ್ಕೆ ಕೈಹಾಕಿ ಹಿಡಿ ಎತ್ತಿ, ಗಂಡ ಮೊಣಕೈ ಒತ್ತುವನೋ ಎಂದು ಕಾದಳು. ಗಂಡ ಸುಮ್ಮನಿದ್ದ. ತೂಗಿಸಿಕೊಂಡಳು.

ಅಡುಗೆಮನೆಯಲ್ಲಿ ಅವಳ ಕೈಗೇನೂ ಮರೆವು ಬಂದಿರಲಿಲ್ಲ. ಹುಲಿ ಸಿಗಡಿಯ ಬೆನ್ನು ಸೀಳಿ ಕಪ್ಪು ನರ ಎಳೆದಳು. ಪುಡಿ ಸಿಗಡಿಯನ್ನು ಬಾಲ ಬಗ್ಗುತ್ತಿದ್ದಂತೆ ಬಾಣಲೆಯಿಂದ ತೆಗೆದಳು. ಇನ್ನೊಂದು ಗಳಿಗೆ ಬಿಟ್ಟರೆ ರಬ್ಬರು. ಕೊನೆಗೆ ಬಿಳಿಯದನ್ನು ಕುದಿಯುವ ಸಾರಿಗೆ ಸುರಿದಳು. ಬಣ್ಣವೇನೋ ಸೊಗಸಾಗಿ ಬಂತು.

ಪಾತ್ರೆ ತೊಳೆಯುವವಳು ಒಳಗೆ ಬಂದವಳೇ ಮೂಗು ಮುಚ್ಚಿಕೊಂಡಳು. "ಅಯ್ಯಯ್ಯೋ, ಏನಕ್ಕಾ ಇದು ಗಬ್ಬು ನಾತ!"

ಸಿಗಡಿಯಕ್ಕನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಆಮೇಲೆ ಯಜಮಾನಿ ಬಂದರು, ಹಂಡೆಯ ಮೇಲೆ ಬಗ್ಗಿದರು, ಅವಳ ಮುಖ ನೋಡಿದರು.

"ನಿಂಗೆ ಗೊತ್ತಾಗ್ಲಿಲ್ವಾ?"

"ಇಲ್ಲ ಅಮ್ಮಾವ್ರೇ. ಎರಡು ತಿಂಗಳಿಂದ ಏನೂ ಗೊತ್ತಾಗ್ತಿಲ್ಲ."

ಬೈದಿದ್ದರೆ ಚೆನ್ನಾಗಿತ್ತು. ಯಜಮಾನಿ ಬೈಯಲಿಲ್ಲ. "ನಾಳೆಯಿಂದ ನೀನು ಸಿಪ್ಪೆ ಬಿಡಿಸು, ಒಲೆ ಇವಳು ನೋಡ್ಕೊಳ್ಳಲಿ" ಎಂದು ಪಾತ್ರೆ ತೊಳೆಯುವವಳ ಕಡೆ ಕೈತೋರಿಸಿದರು. ನಲವತ್ತು ಜನರ ಸಾರು ಚರಂಡಿ ಸೇರಿತು.

ಮನೆಗೆ ಬಂದರೆ ಗಂಡ ಹೊಲಿಗೆ ಯಂತ್ರದ ಮುಂದೆ ಕೆಂಪು ಮೂಗು ಒರೆಸಿಕೊಳ್ಳುತ್ತ ಕೂತಿದ್ದ. ವಿಷಯ ಕೇಳಿದ್ದೇ ಕರವಸ್ತ್ರ ಕೆಳಗಿಟ್ಟ.

"ನಿನ್ನೆ ಸಂಜೆಯಿಂದ ನೆಗಡಿ ಕಣೇ. ಮೂಗು ಪೂರ್ತಿ ಕಟ್ಟಿದೆ."

"ಬಾಯಿ ಬಿಟ್ಟು ಹೇಳೋಕೇನಾಗಿತ್ತು ನಿಮಗೆ?"

"ಹೇಳಿದ್ರೆ ನೀನು ಮಾರ್ಕೆಟ್ಟಿಗೇ ಹೋಗ್ತಿರ್ಲಿಲ್ಲ. ನಲವತ್ತು ಊಟ ಬೇರೆ ಇತ್ತು. ನೋಡೋಕೆ ಚೆನ್ನಾಗೇ ಇತ್ತಲ್ಲ ಅಂತ..."

ಅವಳು ಮೂಸಿದಂತೆ ನಟಿಸಿದಳು, ಅವನೂ ನಟಿಸಿದ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರೆ. ಇಲ್ಲಿ ಬುದ್ಧಿ ಬಂದು ಆಗಬೇಕಾದ್ದೇನೂ ಉಳಿದಿರಲಿಲ್ಲ. ಗಂಡನ ಮೇಲೆ ಸಿಟ್ಟಾದರೂ ಬರಲಿ ಎಂದು ಅವಳು ಕಾದಳು, ಅದೂ ಬರಲಿಲ್ಲ. ಅವನಿಗೆ ಬಿಸಿನೀರು ಕಾಯಿಸಿಕೊಟ್ಟು ಮಲಗಿದಳು.

ಮಾರನೆಯ ದಿನ ಅಡುಗೆಮನೆಯ ಮೂಲೆಯಲ್ಲಿ ಮಣೆ ಹಾಕಿ, ಬಕೆಟ್ಟಿನ ಮುಂದೆ ಕೂತಳು. ಹದಿನೆಂಟು ವರ್ಷದಲ್ಲಿ ಆ ಒಲೆಯನ್ನು ಇಷ್ಟು ಕೆಳಗಿನಿಂದ ಅವಳು ನೋಡಿರಲಿಲ್ಲ.

"ಅಕ್ಕಾ, ಹುಲಿ ಸಿಗಡಿ ಯಾವಾಗ ಮಗುಚಲಿ?" ಒಲೆ ಮುಂದಿದ್ದವಳು ಅಂಜುತ್ತ ಕೇಳಿದಳು.

"ಸಿಪ್ಪೆ ಅಂಚು ಕೆಂಪಾಗ್ಲಿ. ಹೂಂ, ಈಗ. ನಿಧಾನ."

ಹೊಗೆ ಎದ್ದು ಸೂರಿನವರೆಗೆ ಹರಡಿತು. ಸಿಗಡಿಯಕ್ಕ ಕತ್ತೆತ್ತಿ ಎದೆತುಂಬ ಉಸಿರೆಳೆದಳು. ಬರಿಯ ಬಿಸಿಗಾಳಿ.

"ಹೇಗಿದೆಯೇ ವಾಸನೆ?"

"ಚೆನ್ನಾಗಿದೆ ಅಕ್ಕ."

"ಚೆನ್ನಾಗಿದೆ ಅಂದ್ರೆ ಹೇಗೆ? ಬಿಡಿಸಿ ಹೇಳೇ."

ಅವಳು ಸೌಟು ಹಿಡಿದು ಯೋಚಿಸಿದಳು. ಪಾಪ, ನಿಜಕ್ಕೂ ಯೋಚಿಸಿದಳು.

"ಸಿಗಡಿ ಥರಾನೇ ಇದೆ ಅಕ್ಕ."

"ಹೌದು, ಇರಬೇಕು" ಎಂದು ಸಿಗಡಿಯಕ್ಕ ಇನ್ನೊಂದರ ತಲೆ ಕಿತ್ತಳು.