ಗಂಗಿಯ ಎಡಗಾಲು

ಗಂಡ ಸತ್ತ ಮೇಲೆ ಗಂಗಿ ಮಾವಳ್ಳಿಯ ತವರಿಗೆ ಬಂದು ಅಣ್ಣ ಮಾಬ್ಲೇಶ್ವರನ ಗದ್ದೆಯಲ್ಲಿ ದುಡಿಯುತ್ತಿದ್ದಳು. ತೊಂಬತ್ತೆಂಟರ ನಾಟಿಯಲ್ಲಿ ಎಡಗಾಲಿಗೆ ಮುಳ್ಳು ಚುಚ್ಚಿತು. ಕಿತ್ತು ಬಿಸಾಡಿ ಮರೆತಳು. ಕೆಲವು ತಿಂಗಳಿಗೆ ಪಾದದಲ್ಲಿ ನೋವಿಲ್ಲದ ಗಂಟೊಂದು ಎದ್ದಿತು. ಮರುವರ್ಷ ಪಾದವೆಲ್ಲ ಊದಿ, ಅಲ್ಲಲ್ಲಿ ತೂತುಬಿದ್ದು, ಕೀವಿನ ಜೊತೆ ಸಾಸಿವೆಯಂಥ ಕಪ್ಪು ಕಾಳುಗಳು ಬರತೊಡಗಿದವು.

"ಇದು ದೊಡ್ಡ ರೋಗವೇ," ಎಂದ ಮಾಬ್ಲೇಶ್ವರ. ಕುಷ್ಠದ ಹೆಸರೆತ್ತಲು ಅವನಿಗೆ ಭಯ.

"ಆಸ್ಪತ್ರೆಗೆ ಕರ್ಕಂಡ್ ಹೋಗು ಅಣ್ಣ."

"ಚಂದನಾನ ಮದಿ ಆಗ್ಲಿ. ಊರಿಗೆಲ್ಲ ಗೊತ್ತಾದ್ರೆ ಅವ್ಳನ್ನ ಯಾರು ಮಾಡ್ಕಂತಾರೆ?"

ಚಂದನಾ ಕಿರಿಯ ತಂಗಿ. ಅವಳಿಗಾಗಿ ಗಂಗಿ ಹಿತ್ತಲಿನ ಕಟ್ಟಿಗೆ ಕೋಣೆ ಸೇರಿದಳು. ಹೆಣ್ಣು ನೋಡಲು ಜನ ಬಂದಾಗ ಮಾಬ್ಲೇಶ್ವರ ಹೊರಗಿನಿಂದ ಚಿಲಕ ಹಾಕುತ್ತಿದ್ದ. ಒಮ್ಮೆ ಯಾರೋ, "ಎಂತ ವಾಸ್ನೆ ಇದು?" ಎಂದರು. "ಒಣಮೀನು," ಎಂದ ಅವನು. ಗಂಗಿಗೆ ಎಲ್ಲ ಕೇಳಿಸಿತು.

ಚಂದನಾ ಮಾತ್ರ ದಿನವೂ ಬಿಸಿನೀರು ತಂದು ಆ ಕಾಲು ತೊಳೆದು ಬಟ್ಟೆ ಸುತ್ತುತ್ತಿದ್ದಳು. ಒಂದು ದಿನವೂ ಮೂಗು ಮುಚ್ಚಲಿಲ್ಲ.

ಎರಡು ಸಂಬಂಧ ತಪ್ಪಿ, ಮೂರನೆಯ ವರ್ಷ ಕುಮಟಾದ ಗ್ಯಾರೇಜಿನ ಮೆಕ್ಯಾನಿಕ್ ನಿತ್ಯಾನಂದ ಒಪ್ಪಿದ. ಮದುವೆಯ ವಾಲಗವನ್ನು ಗಂಗಿ ಗೋಡೆಯಾಚೆಯಿಂದ ಕೇಳಿದಳು. ವಾರದ ನಂತರ ಮಾಬ್ಲೇಶ್ವರ ಅವಳನ್ನು ಟೆಂಪೋದಲ್ಲಿ ಹೊನ್ನಾವರಕ್ಕೆ ಒಯ್ದ.

ಪರೀಕ್ಷೆ ಮಾಡಿಸಿದ ಡಾಕ್ಟರು ಅಣ್ಣತಂಗಿಯರನ್ನು ಕೂರಿಸಿ ಹೇಳಿದರು: "ಇದು ಕುಷ್ಠ ಅಲ್ಲ, ಯಾರಿಗೂ ಅಂಟೂದಿಲ್ಲ. ಮುಳ್ಳಿನ ಜೊತೆ ಒಳಗೆ ಹೋದ ಬೂಷ್ಟು. ಮೊದಲೇ ಬಂದಿದ್ದರೆ ಗಂಟು ತೆಗೆದು ಮಾತ್ರೆ ಕೊಟ್ಟು ಕಾಲು ಉಳಿಸಬಹುದಿತ್ತು. ಈಗ ಮೂಳೆ ತಿಂದಿದೆ."

ಮೊಣಕಾಲಿನ ಕೆಳಗೆ ಕತ್ತರಿಸಿದರು. ಮರಳಿ ಬರುವಾಗ ಮಾಬ್ಲೇಶ್ವರ ಹೇಳಿದ, "ಯಾರಾದ್ರೂ ಕೇಳಿದ್ರೆ ಬಸ್ಸಿನಡಿಗೆ ಸಿಕ್ತು ಅನ್ನು."

ಎರಡು ತಿಂಗಳ ಮೇಲೆ ಚಂದನಾ ಗಂಡನೊಡನೆ ಬಂದಳು. ನಿತ್ಯಾನಂದ ಚಾ ಲೋಟ ಹಿಡಿದು ಗಂಗಿಯ ಪಕ್ಕ ಕುಳಿತ.

"ಯಾವ ಬಸ್ಸು ಅಕ್ಕ? ಎಲ್ಲಿ ಆದದ್ದು?"

ತಂಗಿಯ ಕೊರಳಿನ ಹೊಸ ಕರಿಮಣಿಯನ್ನು ಗಂಗಿ ನೋಡಿದಳು.

"ಬಸ್ಸಲ್ಲ. ದೊಡ್ಡ ರೋಗ. ಎರಡು ವರ್ಷ ಕೀವು ತೊಳ್ದದ್ದು ನಿನ್ನ ಹೆಂಡ್ತಿನೇ."

ನಿತ್ಯಾನಂದ ಲೋಟ ಕೆಳಗಿಟ್ಟು, ಒಬ್ಬನೇ ಹೈವೇ ಕಡೆ ನಡೆದುಬಿಟ್ಟ.

"ಕುಷ್ಠ ಅಲ್ಲ ಅಂತ ಡಾಕ್ಟ್ರು ಹೇಳಿದ್ದು ಅಣ್ಣ ನಂಗೂ ಹೇಳಿದ್ದ. ಸುಳ್ಳು ಎಂತಕ್ಕೆ ಹೇಳ್ದೆ ಅಕ್ಕ? ನಾನು ನಿಂಗೆ ಎಂತ ಮಾಡಿದ್ದೆ?" ಚಂದನಾ ಕೇಳಿದಳು.

"ಎಂತದೂ ಮಾಡ್ಲಿಲ್ಲ," ಎಂದಳು ಗಂಗಿ.

ಮಾಬ್ಲೇಶ್ವರ ಡಾಕ್ಟರ ಚೀಟಿ ಹಿಡಿದು ಎರಡು ಸಲ ಕುಮಟಾಕ್ಕೆ ಹೋದ. ನಿತ್ಯಾನಂದನ ಮನೆಯವರು ಅದನ್ನು ಮುಟ್ಟಲೂ ಒಪ್ಪಲಿಲ್ಲ. ಚಂದನಾ ಮಾವಳ್ಳಿಯಲ್ಲೇ ಉಳಿದು, ಗಂಗಿಯ ಬದಲು ಗದ್ದೆಗೆ ಇಳಿಯುತ್ತಾಳೆ. ಮಧ್ಯಾಹ್ನ ಬಂದು ಅಕ್ಕನ ಮುಂದೆ ಗಂಜಿ ಇಟ್ಟು, ಮಾತಾಡದೆ ಹೊರಗೆ ಹೋಗುತ್ತಾಳೆ.